ಹೆರಿಗೆ ಕಾಯುವ ದೇವಿಯರು: ಪ್ರಾಚೀನ ಗ್ರೀಸಿನ ಹೆಂಗಸರ ಹರಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಚೀನ ಜಗತ್ತು ಅಂದರೆ ಬಲು ದೊಡ್ಡದು. ಇಲ್ಲಿ ಹೆಚ್ಚಾಗಿ ಗ್ರೀಸನ್ನೇ ಹಿಡಿದುಕೊಂಡಿದ್ದೇನೆ, ಪಕ್ಕದ ರೋಮ್ ಮತ್ತು ಈಜಿಪ್ಟಿನ ಕಡೆ ಒಂದೆರಡು ಸಲ ಇಣುಕಿದ್ದೇನೆ. ಗ್ರೀಸನ್ನೇ ಆರಿಸಿಕೊಳ್ಳಲು ಕಾರಣವಿದೆ. ಯಾವ ಹೆಂಗಸು ಯಾವ ಬಣ್ಣದ ಬಟ್ಟೆಯನ್ನು ದೇವಿಗೆ ಒಪ್ಪಿಸಿದಳು ಎಂಬ ಲೆಕ್ಕ ಅಲ್ಲಿ ಕಲ್ಲಿನ ಮೇಲೆ ಉಳಿದಿದೆ.

ಹೆರಿಗೆಗೆಂದೇ ಬೇರೆ ದೇವಿ ಇದ್ದಳೇ?

ಇದ್ದಳು. ಹೆಸರು ಐಲೈಥಿಯಾ. ಹೆಸಿಯಡ್ ಕವಿಯ ಪ್ರಕಾರ ಸ್ಯೂಸ್ ಮತ್ತು ಹೇರಾ ದಂಪತಿಯ ಮಗಳು. ಅವಳಿಗೆ ಹೇಳಿಕೊಳ್ಳುವಂಥ ಕಥೆ, ಯುದ್ಧ, ಪ್ರೇಮ ಯಾವುದೂ ಇಲ್ಲ. ನೋವು ಶುರುವಾದಾಗ ಬರಬೇಕು, ಕೂಸು ಹೊರಬಂದ ಮೇಲೆ ಹೋಗಬೇಕು, ಅಷ್ಟೇ ಅವಳ ಕೆಲಸ. ಅವಳು ಬಾರದಿದ್ದರೆ ಹೆರಿಗೆ ಆಗುವುದಿಲ್ಲ.

ಅಪೊಲೊನನ್ನು ಸ್ತುತಿಸುವ ಹಳೆಯ ಹಾಡೊಂದರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸ್ಯೂಸ್‌ನಿಂದ ಬಸುರಾದ ಅಪೊಲೊನ ತಾಯಿ ಲೀಟೊ ಡೀಲೋಸ್ ದ್ವೀಪದಲ್ಲಿ ಒಂಬತ್ತು ಹಗಲು ಒಂಬತ್ತು ರಾತ್ರಿ ನೋವು ತಿನ್ನುತ್ತಾಳೆ. ಸವತಿ ಮತ್ಸರದ ಹೇರಾ ಐಲೈಥಿಯಾಗೆ ಸುದ್ದಿಯೇ ಮುಟ್ಟದಂತೆ ಒಲಿಂಪಸ್ ಬೆಟ್ಟದ ಮೇಲೆ ಕೂರಿಸಿಕೊಂಡಿರುತ್ತಾಳೆ. ಕೊನೆಗೆ ಲೀಟೊಳ ಸುತ್ತ ನೆರೆದಿದ್ದ ದೇವಿಯರು ಸೇರಿ ಒಂಬತ್ತು ಮೊಳದ ಹಾರ ಕೊಡುವುದಾಗಿ ಗುಟ್ಟಾಗಿ ಹೇಳಿಕಳಿಸುತ್ತಾರೆ. ಐಲೈಥಿಯಾ ಆ ದ್ವೀಪದಲ್ಲಿ ಕಾಲಿಟ್ಟ ಕ್ಷಣವೇ ಲೀಟೊ ಖರ್ಜೂರದ ಮರವನ್ನು ತಬ್ಬಿ, ಹುಲ್ಲಿನ ಮೇಲೆ ಮಂಡಿಯೂರುತ್ತಾಳೆ. ಮಗು ಹೊರಕ್ಕೆ ಜಿಗಿಯುತ್ತದೆ. ಆ ಮಂಡಿಯೂರುವ ಭಂಗಿ ಕವಿಯ ಕಲ್ಪನೆಯಲ್ಲ, ಅಂದಿನ ಹೆಂಗಸರು ಮಂಡಿಯೂರಿಯೂ ಹೆರುತ್ತಿದ್ದರು.

ಈ ದೇವಿ ಎಷ್ಟು ಹಳಬಳು?

ಹೋಮರನಿಗಿಂತ ಎಷ್ಟೋ ಹಳಬಳು. ಕ್ರೀಟ್ ದ್ವೀಪದ ಕ್ನೋಸೋಸ್ ಅರಮನೆಯಲ್ಲಿ ಸಿಕ್ಕ ಮಣ್ಣಿನ ಹಲಗೆಯೊಂದರಲ್ಲಿ ಅಮ್ನಿಸೋಸ್ ಎಂಬ ಊರಿನಲ್ಲಿ ‘ಎಲ್ಯೂಥಿಯಾ’ಗೆ, ಅಂದರೆ ಐಲೈಥಿಯಾಗೇ, ಒಂದು ಕೊಡ ಜೇನು ಎಂದು ಬರೆದಿದೆ. ಅದು ಲೀನಿಯರ್ ಬಿ ಎಂಬ ಲಿಪಿ. 1952ರಲ್ಲಿ ಮೈಕೇಲ್ ವೆಂಟ್ರಿಸ್ ಅದನ್ನು ಓದುವ ದಾರಿ ಕಂಡುಕೊಳ್ಳುವವರೆಗೆ ಅಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹಲಗೆ ಸುಮಾರು ಕ್ರಿ.ಪೂ. 14ನೇ ಶತಮಾನದ್ದು.

ಮುಂದೆ ಒಡಿಸ್ಸಿ ಕಾವ್ಯದಲ್ಲೂ ಅಮ್ನಿಸೋಸಿನ ಐಲೈಥಿಯಾ ಗುಹೆಯ ಮಾತು ಬರುತ್ತದೆ. ಗುಹೆ ಇವತ್ತಿಗೂ ಇದೆ. ಒಳಗೆ ನೆಲದಿಂದ ಎದ್ದ ಸುಣ್ಣದ ಕಂಬಗಳಿವೆ, ಒಂದರ ಸುತ್ತ ಯಾರೋ ಗಿಡ್ಡ ಗೋಡೆ ಕಟ್ಟಿದ್ದಾರೆ. ನವಶಿಲಾಯುಗದಿಂದ ರೋಮನ್ನರ ಕಾಲದವರೆಗಿನ ಮಡಕೆ ಚೂರುಗಳು ಅಲ್ಲಿ ಸಿಕ್ಕಿವೆ. ಅಷ್ಟು ಸಾವಿರ ವರ್ಷ ಜನ ಬಂದುಹೋದ ಜಾಗ ಎಂದಾಯಿತು. ಮೊದಲಿನಿಂದಲೂ ಹೆರಿಗೆಗಾಗಿಯೇ ಬರುತ್ತಿದ್ದರೋ ಇಲ್ಲವೋ ಎಂಬುದನ್ನು ಮಡಕೆ ಚೂರು ಹೇಳುವುದಿಲ್ಲ.

ಆರ್ಟೆಮಿಸ್ ಮದುವೆಯೇ ಆಗದ ಬೇಟೆಗಾತಿ. ಬಸುರಿಯರು ಅವಳನ್ನು ಯಾಕೆ ಬೇಡುತ್ತಿದ್ದರು?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಅಂದಿನ ಗ್ರೀಕರೂ ಕೇಳಿಕೊಂಡಿದ್ದರು. ಪ್ಲೇಟೊ ಬರೆದ ಒಂದು ಸಂವಾದದಲ್ಲಿ ಸಾಕ್ರಟೀಸ್ ತನ್ನದೇ ಉತ್ತರ ಕೊಡುತ್ತಾನೆ. ಅವನ ತಾಯಿ ಫೈನಾರೆಟಿ ಸೂಲಗಿತ್ತಿ, ಹಾಗಾಗಿ ಮನೆಯ ಮಾತು. ತಾನು ಹೆರದವಳಾದ ಆರ್ಟೆಮಿಸ್, ಹೆರುವ ವಯಸ್ಸು ದಾಟಿದವರಿಗೆ ಸೂಲಗಿತ್ತಿಯ ಕೆಲಸ ವಹಿಸಿದಳು. ಈಗ ಹೆರದಿರುವುದರಲ್ಲಿ ಅವರು ತನ್ನ ಹಾಗೆಯೇ ಎಂಬ ಗೌರವಕ್ಕೆ. ಬಂಜೆಯರಿಗೆ ಯಾಕೆ ಕೊಡಲಿಲ್ಲ ಅಂದರೆ, ಅನುಭವವಿಲ್ಲದ ಕೆಲಸ ಮನುಷ್ಯರಿಗೆ ಒಗ್ಗುವುದಿಲ್ಲ ಅನ್ನುತ್ತಾನೆ. ಜಾಣ ಉತ್ತರ. ಹೆಂಗಸರು ಹಾಗೆ ಯೋಚಿಸಿ ಅವಳ ಗುಡಿಗೆ ಹೋಗುತ್ತಿದ್ದರು ಎಂದು ನನಗನ್ನಿಸುವುದಿಲ್ಲ.

ನನಗೆ ಹೆಚ್ಚು ಸರಿ ಅನ್ನಿಸುವುದು ಇಲಿಯಡ್ ಕಾವ್ಯದ ಒಂದು ಮಾತು. ಅಲ್ಲಿ ಹೇರಾ ಆರ್ಟೆಮಿಸ್‌ಗೆ ಬೈಯುತ್ತ, ಸ್ಯೂಸ್ ನಿನ್ನನ್ನು ಹೆಂಗಸರ ಪಾಲಿಗೆ ಸಿಂಹ ಮಾಡಿದ್ದಾನೆ, ಬೇಕಾದವಳನ್ನು ಕೊಲ್ಲಲು ಬಿಟ್ಟಿದ್ದಾನೆ ಅನ್ನುತ್ತಾಳೆ. ಹೆಂಗಸರಿಗೆ ಹಠಾತ್ತಾಗಿ ಬರುವ ಸಾವು ಆರ್ಟೆಮಿಸ್‌ಳ ಬಾಣ. ಅಂದ ಮೇಲೆ ಬಾಣ ಬಿಡದಿರು ಎಂದು ಬೇಡಬೇಕಾದ್ದೂ ಅವಳನ್ನೇ. ಕಾಯುವವಳು ಮತ್ತು ಕೊಲ್ಲುವವಳು ಬೇರೆ ಬೇರೆ ಅಲ್ಲ. ಅಮ್ಮ ಮುನಿದರೆ ಸಿಡುಬು, ಒಲಿದರೆ ಗುಣ ಎಂದು ನಂಬಿದ ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟೆ ಒಪ್ಪಿಸುತ್ತಿದ್ದರು ಅಂತಾರಲ್ಲ, ಏನದು?

ಅಥೆನ್ಸಿನಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಪೂರ್ವ ಕರಾವಳಿಯಲ್ಲಿ, ಬ್ರೌರಾನ್ ಎಂಬ ಜಾಗವಿದೆ. ಅಲ್ಲಿ ಆರ್ಟೆಮಿಸ್‌ಳ ಗುಡಿ. ಸುಖವಾಗಿ ಹೆತ್ತವಳು ತನ್ನ ಬಟ್ಟೆಯನ್ನು ತಂದು ದೇವಿಗೆ ಒಪ್ಪಿಸುವುದು ವಾಡಿಕೆ. ಅಥೆನ್ಸ್ ಪಟ್ಟಣದೊಳಗೆ, ಅಕ್ರೊಪೊಲಿಸ್ ಗುಡ್ಡದ ಮೇಲೂ ಇದೇ ದೇವಿಯ ಒಂದು ಅಂಗಳವಿತ್ತು.

ಆ ಗುಡ್ಡದ ಮೇಲೆ ಅಮೃತಶಿಲೆಯ ಚಪ್ಪಡಿಗಳ ಚೂರುಗಳು ಸಿಕ್ಕಿವೆ. ಕ್ರಿ.ಪೂ. 4ನೇ ಶತಮಾನದ ನಡುಭಾಗದವು. ಅವುಗಳ ಮೇಲಿರುವುದು ಮಂತ್ರವೂ ಅಲ್ಲ, ಸ್ತೋತ್ರವೂ ಅಲ್ಲ. ಬರೀ ಬಟ್ಟೆ ಪಟ್ಟಿ. ಸಾಲುಸಾಲಾಗಿ ಹೆಂಗಸಿನ ಹೆಸರು, ಅವಳು ಕೊಟ್ಟ ಬಟ್ಟೆ, ಅದರ ಬಣ್ಣ, ಅಂಚಿನ ವಿನ್ಯಾಸ. ಗಿಡ್ಡ ಅಂಗಿ, ಹೊದೆಯುವ ವಸ್ತ್ರ, ಕೇಸರಿ ಬಣ್ಣದ ಉಡುಪು, ಗೋಪುರದ ಚಿತ್ರದ ಅಂಚಿದ್ದದ್ದು, ಪರ್ಷಿಯಾದವರ ಮಾದರಿಯ ತೋಳಿನ ಮೇಲಂಗಿ ಕೂಡ. ಇದು ಪೆಟ್ಟಿಗೆಯಲ್ಲಿದೆ, ಇದು ದೇವಿಯ ವಿಗ್ರಹದ ಮೈಮೇಲಿದೆ ಎಂಬ ಟಿಪ್ಪಣಿ ಬೇರೆ. ಒಂದು ಬಟ್ಟೆಯಲ್ಲಿ ‘ಆರ್ಟೆಮಿಸ್‌ಗೆ ಮೀಸಲು’ ಎಂದು ನೇಯ್ದಿದೆಯಂತೆ, ಅದನ್ನೂ ಗುರುತು ಹಾಕಿದ್ದಾರೆ. ನಮ್ಮ ದೇವಸ್ಥಾನಗಳಲ್ಲಿ ಹರಕೆ ಸೀರೆಗಳ ಲೆಕ್ಕ ಬರೆಯುವ ಗುಮಾಸ್ತರ ಹೊಣೆಗಾರಿಕೆಯೇ ಅದು.

ಪಟ್ಟಿಯಲ್ಲಿ ಎರಡು ಪದ ವಿದ್ವಾಂಸರನ್ನು ಬಹಳ ಕಾಡಿವೆ. ಒಂದು ‘ಅರ್ಧ ನೇಯ್ದದ್ದು’. ಮಗ್ಗದ ಮೇಲಿರುವಾಗಲೇ ಹೆರಿಗೆಯಾಗಿ ಸತ್ತವಳ ನೇಯ್ಗೆ ಇರಬೇಕೆಂದು ಕೆಲವರು ಊಹಿಸಿದ್ದಾರೆ. ಕೇಳಿದರೆ ಕರುಳು ಚುರ್ ಅನ್ನುತ್ತದೆ, ಆದರೆ ಪಟ್ಟಿಯಲ್ಲಿ ಸಾವಿನ ಮಾತೇ ಇಲ್ಲ. ಇನ್ನೊಂದು ‘ಚಿಂದಿ’ ಎಂಬರ್ಥದ ಪದ. ಹೆರಿಗೆಯದೋ ಮುಟ್ಟಿನದೋ ಬಟ್ಟೆಯನ್ನೇ ಕೊಡುತ್ತಿದ್ದರು ಎಂದು ಒಂದು ವಾದ. ವರ್ಷವರ್ಷ ಲೆಕ್ಕ ಒಪ್ಪಿಸುವ ಅಧಿಕಾರಿ, ಹಳತಾಗಿ ಹರಿದದ್ದನ್ನು ‘ಹರಿದಿದೆ’ ಎಂದು ಬರೆದು ತಾನು ಬಚಾವಾದ ಎಂಬುದು ಇನ್ನೊಂದು ವಾದ. ನಾನು ಎರಡನೆಯ ಕಡೆ. ಲೆಕ್ಕ ಬರೆಯುವವನಿಗೆ ಮೊದಲ ಚಿಂತೆ ಲೆಕ್ಕದ್ದೇ.

ಬಟ್ಟೆಯೊಂದೂ ಉಳಿದಿಲ್ಲ. ದಾರ ಕೊಳೆತುಹೋಗಿ ಪಟ್ಟಿ ಮಾತ್ರ ಉಳಿದಿದೆ.

ಸತ್ತವರ ಬಟ್ಟೆಯನ್ನೂ ಕೊಡುತ್ತಿದ್ದರೇ?

ಯೂರಿಪಿಡೀಸ್ ನಾಟಕಕಾರ ಹಾಗೆ ಹೇಳುತ್ತಾನೆ. ಅವನ ನಾಟಕದ ಕೊನೆಯಲ್ಲಿ ಅಥೀನಾ ದೇವಿ ಇಫಿಜಿನಿಯಾಗೆ ಹೇಳುವ ಮಾತಿದು: ನೀನು ಬ್ರೌರಾನಿನಲ್ಲಿ ಗುಡಿಯ ಬೀಗದ ಕೈ ಹಿಡಿದವಳಾಗಿರುತ್ತೀ, ಅಲ್ಲೇ ಸತ್ತು ಅಲ್ಲೇ ಮಣ್ಣಾಗುತ್ತೀ, ಹೆರಿಗೆಯಲ್ಲಿ ಪ್ರಾಣ ಬಿಟ್ಟ ಹೆಂಗಸರು ಮನೆಯಲ್ಲಿ ಬಿಟ್ಟುಹೋದ ನುಣುಪು ನೇಯ್ಗೆಯ ಬಟ್ಟೆಗಳನ್ನು ನಿನಗೆ ಒಪ್ಪಿಸುತ್ತಾರೆ. ಅಂದರೆ ಬದುಕಿದವಳ ಬಟ್ಟೆ ಆರ್ಟೆಮಿಸ್‌ಗೆ, ಸತ್ತವಳದು ಇಫಿಜಿನಿಯಾಗೆ. ಇಫಿಜಿನಿಯಾ ಯಾರು? ಯುದ್ಧಕ್ಕೆ ಹೊರಟ ಹಡಗುಗಳಿಗೆ ಗಾಳಿ ಬರಲೆಂದು ತಂದೆಯೇ ಆರ್ಟೆಮಿಸ್‌ಗೆ ಬಲಿ ಕೊಡಲು ಹೊರಟ ಮಗಳು.

ನಾಟಕದ ಮಾತನ್ನು ಪೂರ್ತಿ ನಂಬಬಹುದೇ ಎಂದು ಅನುಮಾನಿಸುವವರಿದ್ದಾರೆ. ನೋಡುತ್ತಿದ್ದವರು ಅಥೆನ್ಸಿನವರು, ಬ್ರೌರಾನ್ ಅವರ ನೆರೆಯ ಊರು. ಆಚರಣೆಯ ಗಂಧವೇ ಇಲ್ಲದೆ ಹಾಗೆ ಬರೆದಿದ್ದರೆ ಅವರ ಕಿವಿಗೆ ವಿಚಿತ್ರವಾಗಿ ಕೇಳಿಸುತ್ತಿತ್ತು ಎಂದಷ್ಟೇ ನನ್ನ ಅನಿಸಿಕೆ.

ಹರಕೆಯ ಕ್ರಮ ಹೇಗಿತ್ತು?

ನಮಗೆ ಗೊತ್ತಿರುವ ಕ್ರಮವೇ. ಮೊದಲು ಹೊರುವುದು, ಫಲ ಸಿಕ್ಕ ಮೇಲೆ ತೀರಿಸುವುದು. ಬ್ರೌರಾನಿನಲ್ಲಿ ಸಿಕ್ಕ ಒಂದು ಉಬ್ಬುಶಿಲ್ಪದ ಕೆಳಗೆ, ಆಂಟಿಫಾಟೀಸ್ ಎಂಬವನ ಹೆಂಡತಿ ಅರಿಸ್ಟೊನೀಕಿ ಹರಕೆ ಹೊತ್ತು ಇದನ್ನು ಆರ್ಟೆಮಿಸ್‌ಗೆ ಒಪ್ಪಿಸಿದಳು ಎಂದು ಬರೆದಿದೆ. ಶಿಲ್ಪದಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎತ್ತನ್ನು ಮುಂದಿಟ್ಟುಕೊಂಡು ದೇವಿಯ ಹತ್ತಿರ ಬರುತ್ತಿದ್ದಾರೆ. ಸಾಲಿನ ಕೊನೆಯಲ್ಲಿ ಕೆಲಸದವಳೊಬ್ಬಳ ತಲೆಯ ಮೇಲೆ ದೊಡ್ಡ ಪೆಟ್ಟಿಗೆ. ಅದರಲ್ಲಿ ಬಟ್ಟೆ ಇರಬೇಕು.

ಹರಕೆಯ ಚುಟುಕು ಪದ್ಯಗಳೂ ಉಳಿದಿವೆ. ಒಂದರಲ್ಲಿ ಅಂಬ್ರೋಸಿಯಾ ಎಂಬವಳು ಹತ್ತನೆಯ ತಿಂಗಳಲ್ಲಿ ಅವಳಿ ಹೆತ್ತು, ತಲೆಪಟ್ಟಿಯನ್ನೂ ಉಡುಪನ್ನೂ ಐಲೈಥಿಯಾಳ ಪಾದಕ್ಕೆ ಇಡುತ್ತಾಳೆ. ಇನ್ನೊಂದು ಕಲಿಮಾಕಸ್ ಕವಿಯದು, ಸ್ವಲ್ಪ ತುಂಟತನದ್ದು. ಲೈಕೈನಿಸ್ ಕರೆದಾಗ ಮತ್ತೆ ಹೀಗೇ ಬಾ ತಾಯಿ, ಈಗ ಕೊಟ್ಟದ್ದು ಹೆಣ್ಣುಮಗುವಿಗೆ, ಗಂಡಾದರೆ ಮುಂದೆ ಬೇರೆ ಏನಾದರೂ ಕೊಡುತ್ತೇವೆ ಎಂಬ ಚೌಕಾಸಿ. ಗಂಡಿಗೆ ಒಂದು ರೇಟು, ಹೆಣ್ಣಿಗೆ ಒಂದು ರೇಟು ಅನ್ನುವುದು ಅಷ್ಟು ಹಳೆಯದು.

ಬೇಡುವಾಗ ಮಾತು ಸರಿಯಾಗಿರಬೇಕು. ಎಪಿಡಾರಸ್ ಎಂಬಲ್ಲಿ ವೈದ್ಯದೇವ ಅಸ್ಕ್ಲೀಪಿಯಸ್‌ನ ಕ್ಷೇತ್ರವಿತ್ತು. ಅಲ್ಲಿ ನಡೆದ ಪವಾಡಗಳನ್ನು ಕ್ರಿ.ಪೂ. 4ನೇ ಶತಮಾನದಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಇತ್ಮೊನೀಕಿ ಎಂಬವಳು ಅಲ್ಲಿ ಮಲಗಿ, ಹೆಣ್ಣುಮಗುವಿನ ಬಸುರಾಗಲಿ ಎಂದು ಕನಸಿನಲ್ಲಿ ಕೇಳಿಕೊಂಡಳು. ಆಗಲಿ, ಇನ್ನೇನಾದರೂ ಬೇಕೇ ಎಂದ ದೇವರು. ಬೇರೇನೂ ಬೇಡ ಅಂದಳು. ಬಸುರಾಯಿತು. ಮೂರು ವರ್ಷವಾದರೂ ಹೆರಿಗೆಯಾಗಲಿಲ್ಲ! ಮತ್ತೆ ಓಡಿಬಂದಾಗ ದೇವರ ಉತ್ತರ: ನೀನು ಕೇಳಿದ್ದು ಬಸುರನ್ನು ಮಾತ್ರ, ಹೆರಿಗೆಯನ್ನಲ್ಲ; ಇನ್ನೇನಾದರೂ ಬೇಕೇ ಎಂದು ನಾನೇ ಕೇಳಿದ್ದೆನಲ್ಲ. ಅವತ್ತೇ ಹೆಣ್ಣು ಹೆತ್ತಳಂತೆ. ಗಂಡು ದೇವರಿಗೆ ಹೆರಿಗೆಯ ವಿಷಯ ಒಪ್ಪಿಸಿದರೆ ಹೀಗೇ ಆಗುತ್ತದೆ ಎಂದು ಯಾರೋ ಸೂಲಗಿತ್ತಿ ನಕ್ಕಿರಬೇಕು.

ಹುಡುಗಿಯರು ಕರಡಿಗಳಾಗುತ್ತಿದ್ದರು ಎಂಬುದು ನಿಜವೇ?

ಕರಡಿಯಂತೆ ಆಡುತ್ತಿದ್ದರು. ಐದರಿಂದ ಹತ್ತು ವರ್ಷದ ಹುಡುಗಿಯರು ಬ್ರೌರಾನಿನಲ್ಲಿ ಆರ್ಟೆಮಿಸ್‌ಗೆ ಸೇವೆ ಸಲ್ಲಿಸುತ್ತಿದ್ದರು, ಅವರನ್ನು ‘ಕರಡಿಗಳು’ ಎಂದೇ ಕರೆಯುತ್ತಿದ್ದರು. ಹಿಂದಿನ ಕಥೆ ಹೀಗಿದೆ: ಗುಡಿಯ ಹತ್ತಿರ ಪಳಗಿದ ಕರಡಿಯಿತ್ತು, ಕೀಟಲೆ ಮಾಡಿದ ಹುಡುಗಿಯನ್ನು ಅದು ಪರಚಿತು, ಅವಳ ಅಣ್ಣತಮ್ಮಂದಿರು ಕರಡಿಯನ್ನು ಕೊಂದರು. ದೇವಿ ಮುನಿದು ಊರಿಗೆ ಪಿಡುಗು ಬಂತು. ಪ್ರಾಯಶ್ಚಿತ್ತವಾಗಿ, ಮದುವೆಗೆ ಮುಂಚೆ ಹೆಣ್ಣುಮಕ್ಕಳು ಕರಡಿಯಾಗಿ ದೇವಿಯನ್ನು ಸಮಾಧಾನಪಡಿಸಬೇಕು ಎಂದಾಯಿತು. ಕ್ರಿ.ಪೂ. 411ರಲ್ಲಿ ಆಡಿದ ಅರಿಸ್ಟೊಫನೀಸನ ಹಾಸ್ಯನಾಟಕವೊಂದರಲ್ಲಿ ಅಥೆನ್ಸಿನ ಹೆಂಗಸರು, ಕೇಸರಿ ಉಡುಪಿನಲ್ಲಿ ನಾನೂ ಕರಡಿಯಾಗಿದ್ದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

1948ರಿಂದ ಇಯೊವಾನಿಸ್ ಪಾಪಾಡಿಮಿಟ್ರಿಯು ನಡೆಸಿದ ಉತ್ಖನನದಲ್ಲಿ ಪುಟ್ಟ ಮಕ್ಕಳ ಅಮೃತಶಿಲೆಯ ವಿಗ್ರಹಗಳು ಬಂದವು. ಮೊಲವನ್ನೋ ಹಕ್ಕಿಯನ್ನೋ ಹಿಡಿದು ನಿಂತ ಉಬ್ಬುಗೆನ್ನೆಯ ಮಕ್ಕಳು. ಓಡುವ ಹುಡುಗಿಯರ ಚಿತ್ರವಿರುವ ಚಿಕ್ಕ ಮಣ್ಣಿನ ಪಾತ್ರೆಗಳೂ ಸಿಕ್ಕಿವೆ. ಬಟ್ಟೆಗೂ ಕರಡಿ ಆಟಕ್ಕೂ ಏನು ಸಂಬಂಧ ಎಂದರೆ, ಮುಂದೆ ಬಸುರಿಯಾಗಿ ಕೈಮುಗಿಯಬೇಕಾದ ದೇವಿಯ ಪರಿಚಯ ಹುಡುಗಿಗೆ ಎಳವೆಯಲ್ಲೇ ಆಗುತ್ತಿತ್ತು.

ಹೆರಿಗೆಯ ಹೊತ್ತಿನಲ್ಲಿ ಗಂಟು ಬಿಚ್ಚುವುದು ಯಾಕೆ?

ಹೊರಗಿನ ಗಂಟು ಒಳಗಿನ ಗಂಟನ್ನು ಹಿಡಿದಿಡುತ್ತದೆ ಎಂಬ ನಂಬಿಕೆ. ರೋಮಿನಲ್ಲಿ ಜೂನೊ ಲೂಸಿನಾ ಎಂಬ ಹೆರಿಗೆ ದೇವಿಯ ಪೂಜೆಗೆ ಬರುವವರ ಮೈಮೇಲೆ ಗಂಟು ಇರಬಾರದು, ಬಸುರಿ ಜಡೆ ಬಿಚ್ಚಿ ಬೇಡಬೇಕು. ಆ ದೇವಿಯ ಗುಡಿ ಕ್ರಿ.ಪೂ. 375ರಲ್ಲಿ ಪ್ರತಿಷ್ಠೆಯಾಯಿತು, ಮಾರ್ಚ್ 1ರಂದು ಹಬ್ಬ. ಗಂಡಂದಿರು ಹೆಂಡಿರಿಗೆ ಉಡುಗೊರೆ ಕೊಡುವ ದಿನ ಅದು.

ಓವಿಡ್ ಕವಿ ಹೇಳುವ ಕಥೆಯಲ್ಲಿ ಆಲ್ಕ್‌ಮಿನಿ ಹರ್ಕ್ಯುಲಿಸ್‌ನನ್ನು ಹೆರಲಾಗದೆ ಏಳು ದಿನ ಒದ್ದಾಡುತ್ತಾಳೆ. ಹೆರಿಗೆ ದೇವಿಯೇ ಹೊರಗೆ ಕಾಲ ಮೇಲೆ ಕಾಲು ಹಾಕಿ, ಬೆರಳಿಗೆ ಬೆರಳು ಹೆಣೆದು ಕೂತಿದ್ದಾಳೆ. ಗಲಾಂತಿಸ್ ಎಂಬ ದಾಸಿ ಗುಟ್ಟು ಹಿಡಿದು, ಹೆರಿಗೆ ಆಗೇ ಹೋಯಿತು ಎಂದು ಕೂಗುತ್ತಾಳೆ. ದೇವಿ ದಿಗಿಲುಬಿದ್ದು ಎದ್ದಾಗ ಬೆರಳು ಸಡಿಲವಾಯಿತು, ಕೂಸು ಹುಟ್ಟಿತು. ದಾಸಿ ನಕ್ಕಳು. ನಕ್ಕ ತಪ್ಪಿಗೆ ಮುಂಗುಸಿಯಂಥ ಪ್ರಾಣಿಯಾಗಿ ಬಿದ್ದಳು.

ಹೆರಿಗೆ ಗುಡಿಯಲ್ಲೇ ಆಗುತ್ತಿತ್ತೇ?

ಇಲ್ಲವೇ ಇಲ್ಲ. ಹೆರಿಗೆ ಮನೆಯಲ್ಲಿ, ಹೆಂಗಸರ ನಡುವೆ. ನಮ್ಮಲ್ಲಿ ಪುರುಡು ಎನ್ನುವಂಥ ಮೈಲಿಗೆ ಅವರಲ್ಲೂ ಇತ್ತು. ಉತ್ತರ ಆಫ್ರಿಕಾದ ಗ್ರೀಕ್ ಊರಾದ ಸೈರೀನಿನ ಶಾಸನದ ಪ್ರಕಾರ ಬಾಣಂತಿಯಿರುವ ಮಾಡಿನ ಕೆಳಗೆ ಇದ್ದವರಿಗೆ ಮೂರು ದಿನ ಮೈಲಿಗೆ.

ಕ್ರಿ.ಪೂ. 426ರ ಚಳಿಗಾಲದಲ್ಲಿ ಅಥೆನ್ಸಿನವರು ಡೀಲೋಸ್ ದ್ವೀಪವನ್ನು ಶುದ್ಧಿ ಮಾಡಿ, ಗೋರಿಗಳನ್ನೆಲ್ಲ ಎತ್ತಿಸಿ, ಇನ್ನು ಮುಂದೆ ಇಲ್ಲಿ ಯಾರೂ ಸಾಯಬಾರದು, ಯಾರೂ ಹೆರಬಾರದು ಎಂದರು. ದಿನ ತುಂಬಿದವರನ್ನು ಪಕ್ಕದ ರೆನಿಯಾ ದ್ವೀಪಕ್ಕೆ ದಾಟಿಸಬೇಕು. ಲೀಟೊ ಮಂಡಿಯೂರಿ ಹೆತ್ತ ದ್ವೀಪವೇ ಅದು! ದೇವಿಯ ಹೆರಿಗೆಯಿಂದ ಪವಿತ್ರವಾದ ನೆಲ ಮನುಷ್ಯರ ಹೆರಿಗೆಯಿಂದ ಕೆಡುತ್ತದೆ ಎಂಬ ಲೆಕ್ಕ. ಎಪಿಡಾರಸ್ ಕ್ಷೇತ್ರದಲ್ಲೂ ಇದೇ ನಿಯಮವಿತ್ತು. ಬಸುರಿಯರು ಬಯಲಿನಲ್ಲಿ ಹೆರುತ್ತಿದ್ದರು. ಕ್ರಿ.ಶ. 2ನೇ ಶತಮಾನದಲ್ಲಷ್ಟೇ ಅವರಿಗೂ ಸಾಯುವವರಿಗೂ ಒಂದು ಕಟ್ಟಡವಾಯಿತು ಎಂದು ಆ ಕಾಲದ ಪ್ರವಾಸಿ ಲೇಖಕ ಪಾಸೇನಿಯಸ್ ಬರೆಯುತ್ತಾನೆ.

ಅಂದಿನ ವೈದ್ಯರು ಈ ಹರಕೆಗಳ ಬಗ್ಗೆ ಏನನ್ನುತ್ತಿದ್ದರು?

ಸಿಡುಕುತ್ತಿದ್ದರು. ಹಿಪೊಕ್ರಟೀಸ್ ಪರಂಪರೆಯ ಒಂದು ಚಿಕ್ಕ ಬರಹ ಮದುವೆಯಾಗದ ಹುಡುಗಿಯರ ಕಾಯಿಲೆಗಳ ಬಗ್ಗೆ ಇದೆ. ಗುಣವಾದ ಮೇಲೆ ಹೆಂಗಸರು ಕಣಿ ಹೇಳುವವರ ಮಾತು ಕೇಳಿ, ಬೆಲೆಬಾಳುವ ಬಟ್ಟೆಗಳನ್ನೆಲ್ಲ ಆರ್ಟೆಮಿಸ್‌ಗೆ ಒಪ್ಪಿಸಿ ಮೋಸಹೋಗುತ್ತಾರೆ ಎಂದು ಅದನ್ನು ಬರೆದವನ ದೂರು. ಅವನು ಹೇಳುವ ಮದ್ದು ಬೇಗ ಮದುವೆ ಮಾಡಿ ಬಸುರಾಗುವುದು. ಯಾವ ಅಪಾಯಕ್ಕೆ ಹೆದರಿ ಹರಕೆ ಹೊರುತ್ತಾರೋ ಅದಕ್ಕೇ ದೂಡುವ ಔಷಧ.

ಸೂಲಗಿತ್ತಿಯರಿಗೆ ಇಂಥ ಜಗಳವಿರಲಿಲ್ಲ. ಅವರು ಮದ್ದನ್ನೂ ಕೊಡುತ್ತಿದ್ದರು, ಮಂತ್ರವನ್ನೂ ಹಾಡುತ್ತಿದ್ದರು. ಸಾಕ್ರಟೀಸನೇ ಅದನ್ನು ಹೇಳುತ್ತಾನೆ.

ಸ್ಪಾರ್ಟಾದಲ್ಲಿ ಹೆರಿಗೆಯಲ್ಲಿ ಸತ್ತವರಿಗೆ ಯೋಧರಷ್ಟೇ ಗೌರವ ಇತ್ತಂತೆ?

ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಮಾತು ಇದು. ಯುದ್ಧದಲ್ಲಿ ಸತ್ತ ಗಂಡಸಿಗೂ ಹೆರಿಗೆಯಲ್ಲಿ ಸತ್ತ ಹೆಂಗಸಿಗೂ ಮಾತ್ರ ಗೋರಿಯ ಮೇಲೆ ಹೆಸರು ಎಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದನೆಂದು ಹೇಳುತ್ತಾರೆ. ಹಸ್ತಪ್ರತಿಗಳಲ್ಲಿರುವ ಪದ ಹೆರಿಗೆಯದಲ್ಲ, ‘ಪವಿತ್ರ’ ಎಂಬರ್ಥದ್ದು; ದೇವರ ಸೇವೆಯಲ್ಲಿದ್ದ ಹೆಂಗಸರು ಎಂದಾಗಬಹುದು. ‘ಹೆರಿಗೆ’ ಎಂಬುದು ಆಧುನಿಕ ವಿದ್ವಾಂಸರ ತಿದ್ದುಪಡಿ. ಆ ಸೀಮೆಯ ಒಂದೆರಡು ಗೋರಿಕಲ್ಲುಗಳಲ್ಲಿ ಹೆರಿಗೆಯ ಪದವಿರುವುದರಿಂದ ತಿದ್ದುಪಡಿಗೂ ಆಧಾರ ಇಲ್ಲದಿಲ್ಲ. ಖಚಿತ ಎಂದು ಹಂಚಿಕೊಳ್ಳುವಷ್ಟಿಲ್ಲ.

ಯುದ್ಧ ಮತ್ತು ಹೆರಿಗೆಯನ್ನು ಒಟ್ಟಿಗೆ ತೂಗಿದ ಮಾತು ಬೇಕಿದ್ದರೆ ಕ್ರಿ.ಪೂ. 431ರ ಯೂರಿಪಿಡೀಸ್ ನಾಟಕದ ಮೆಡಿಯಾಳದು ಇದೆ: ಒಮ್ಮೆ ಹೆರುವುದಕ್ಕಿಂತ ಮೂರು ಸಲ ಗುರಾಣಿ ಹಿಡಿದು ನಿಲ್ಲುತ್ತೇನೆ.

ಈಜಿಪ್ಟಿನಲ್ಲಿ?

ಅಲ್ಲಿ ಕಾಯುವವರ ದಂಡೇ ಇತ್ತು. ನೀರಾನೆಯ ಮೈ, ಜೋಲುವ ಮೊಲೆಗಳ ತಾವೆರೆಟ್. ನಾಲಿಗೆ ಚಾಚಿದ ಕುಳ್ಳ ಬೆಸ್. ಕಪ್ಪೆ ರೂಪದ ಹೆಕೆಟ್. ಹೆರಿಗೆ ಇಟ್ಟಿಗೆಯೇ ದೇವಿಯಾದ ಮೆಸ್ಖೆನೆಟ್. ಅಲ್ಲಿನ ಹೆಂಗಸರು ಇಟ್ಟಿಗೆಗಳ ಮೇಲೆ ಕುಕ್ಕರುಗಾಲಲ್ಲಿ ಕೂತು ಹೆರುತ್ತಿದ್ದರು. 2001ರಲ್ಲಿ ಅಬೈಡೋಸ್‌ನಲ್ಲಿ ಅಂಥದ್ದೊಂದು ಬಣ್ಣದ ಇಟ್ಟಿಗೆ ಸಿಕ್ಕಿತು. ಅದರ ಮೇಲೆ ಆಗತಾನೆ ಹುಟ್ಟಿದ ಕೂಸನ್ನು ಹಿಡಿದ ತಾಯಿಯ ಚಿತ್ರವಿದೆ. ಕ್ರೀಟಿನ ಇನಾಟೋಸ್ ಎಂಬ ಇನ್ನೊಂದು ಐಲೈಥಿಯಾ ಗುಹೆಯಲ್ಲಿ ಬಸುರಿಯರ ಮಣ್ಣಿನ ಗೊಂಬೆಗಳ ಜೊತೆ ಈಜಿಪ್ಟಿನ ತಾಯಿತದಂಥ ವಸ್ತುಗಳೂ ಬಂದಿವೆ. ಸಮುದ್ರ ದಾಟಿ ಬಂದ ದೇವರಾದರೇನು, ಹೆರಿಗೆಗೆ ಆದರೆ ಸಾಕು.

ನಮ್ಮ ಷಷ್ಠಿಗೂ ಲಜ್ಜಾಗೌರಿಗೂ ಇವರಿಗೂ ನಂಟಿದೆಯೇ?

ನಂಟು ತೋರಿಸುವ ಸಾಕ್ಷ್ಯವಿಲ್ಲ. ನಾಗನಾಥಕೊಳ್ಳದಿಂದ ಬಂದು ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಲಜ್ಜಾಗೌರಿಯ ಭಂಗಿ ಹೆರಿಗೆಯದೇ ಎಂಬ ಬಗ್ಗೆಯೂ ಒಮ್ಮತವಿಲ್ಲ. ಭಯ ಒಂದೇ ಆದಲ್ಲಿ ಹರಕೆಗಳು ಹೋಲುತ್ತವೆ. ಅದರಿಂದ ದೇವಿಯರು ಅಕ್ಕತಂಗಿಯರಾಗುವುದಿಲ್ಲ.

ಈ ಪೂಜೆ ಯಾವಾಗ ನಿಂತಿತು?

ಬ್ರೌರಾನನ್ನು ನಿಲ್ಲಿಸಿದ್ದು ಹೊಳೆ. ಪಕ್ಕದ ಎರಸಿನೋಸ್ ಉಕ್ಕಿ ಕ್ರಿ.ಪೂ. 3ನೇ ಶತಮಾನದಲ್ಲಿ ಗುಡಿ ಪಾಳುಬಿತ್ತು. ಆ ಕೆಸರೇ ಕನ್ನಡಿ, ಉಂಗುರ, ಮರದ ಸಾಮಾನುಗಳನ್ನು ಕಾಪಾಡಿತು. ಅವೆಲ್ಲ ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ. ಬೇರೆ ಕಡೆ ಪೂಜೆ ಮುಂದುವರಿದು, ಕ್ರಿಶ್ಚಿಯನ್ ಚಕ್ರವರ್ತಿಗಳು ಕ್ರಿ.ಶ. 4ನೇ ಶತಮಾನದ ಕೊನೆಗೆ ಹಳೆಯ ಗುಡಿಗಳನ್ನು ಮುಚ್ಚಿಸುವವರೆಗೂ ನಡೆಯಿತು.

ಅಥೆನ್ಸಿನ ನಡುವೆ ಒಂದು ಪುಟ್ಟ ಇಗರ್ಜಿಯಿದೆ, ಸಂತ ಎಲೆಫ್ತೇರಿಯೋಸನದು. ಅಲ್ಲಿ ಮೊದಲು ಐಲೈಥಿಯಾಳ ಗುಡಿಯಿತ್ತು ಎಂಬ ಮಾತಿದೆ. ಹೆಸರಿನ ಅರ್ಥ ಬಿಡುಗಡೆಗೆ ಸಂಬಂಧಿಸಿದ್ದು. ಕ್ನೋಸೋಸ್ ಹಲಗೆಯ ‘ಎಲ್ಯೂಥಿಯಾ’ ಪಕ್ಕ ಇಟ್ಟು ನೋಡಿ. ಡಿಸೆಂಬರ್ 15 ಆ ಸಂತನ ಹಬ್ಬ. ಗ್ರೀಸಿನ ಬಸುರಿಯರು ಸುಖಪ್ರಸವಕ್ಕಾಗಿ ಈಗಲೂ ಅವನಿಗೆ ಮೇಣದಬತ್ತಿ ಹಚ್ಚುತ್ತಾರೆ.